ಏಡಿಯ ಹೊಟ್ಟೆಯಡಿ ಇದ್ದದ್ದು

ಅಪ್ಪಾ,

ನಿಮ್ಮ ಹಳದಿ ಬಕೆಟ್ ಈಗ ಶಕ್ತಿನಗರದ ನನ್ನ ಮನೆಯಲ್ಲಿದೆ. ಹಿಡಿಗೆ ತುಕ್ಕು ಹಿಡಿದಿದೆ. ಬಿಸಾಡಲಿಲ್ಲ.

ನಮ್ಮ ಹೋಟೆಲಿಗೆ ಬಂದರಿನಲ್ಲಿ ಏಡಿ ಕೊಳ್ಳುವಾಗ ಒಂದೊಂದನ್ನೂ ಮಗುಚಿ ನೋಡುತ್ತಿದ್ದಿರಿ. ಹೊಟ್ಟೆಯಡಿ ಮೊಟ್ಟೆ ಹೊತ್ತದ್ದು ಸಿಕ್ಕರೆ ಅದು ನೀರು ತುಂಬಿದ ಈ ಬಕೆಟಿಗೆ. ಮೀನು ಮಾರುವ ಗಿರಿಜಕ್ಕ ಕೀಟಲೆ ಮಾಡದೆ ಬಿಡುತ್ತಿದ್ದರೇ? “ಎಂತ ಧಣಿಗಳೇ, ಇವತ್ತು ನಿಮ್ಮ ಆಸ್ಪತ್ರೆಗೆ ಎಷ್ಟು ಬಸುರಿಯರು?”

“ಮೂರು ಉಂಟು ಮಾರಾಯ್ತಿ. ನೀನು ಹಿಡಿದು ತಾ, ನಾನು ಬಿಡ್ತೇನೆ.”

ಆಮೇಲೆ ನದಿ ಕಡಲು ಸೇರುವ ಅಳಿವೆಯ ತನಕ ಹೋಗಿ ಅವನ್ನು ನೀರಿಗೆ ಬಿಡುತ್ತಿದ್ದಿರಿ. ಅಮ್ಮ ನನ್ನನ್ನು ಹೆತ್ತು ತೀರಿಕೊಂಡವಳು. ಅವಳಿಗೂ ಈ ಬಕೆಟಿಗೂ ಸಂಬಂಧವಿತ್ತೇ ಎಂದು ನಾನು ಕೇಳಲಿಲ್ಲ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸತೊಡಗಿದ ವರ್ಷ, ಒಂದು ಬೆಳಿಗ್ಗೆ ಹೋಟೆಲಿನ ಅಡುಗೆಮನೆಯಲ್ಲಿ ಬಕೆಟಿಗೆ ಕೈಹಾಕಿ ಒಂದು ಏಡಿಯನ್ನು ಮಗುಚಿದೆ. “ಅಪ್ಪ, ಇದು ಮೊಟ್ಟೆ ಅಲ್ಲ. ಪರಾವಲಂಬಿ ಜೀವಿಯ ಚೀಲ. ಏಡಿಯೂ ಗಂಡು.”

“ಗಂಡು ಬಸುರಿ!” ಅಡುಗೆಯವರೆಲ್ಲ ನಕ್ಕರು.

ನಾನು ಪಾಠ ಮುಂದುವರಿಸಿದೆ. ಅದು ಏಡಿಯ ಮೈಯೊಳಗೆ ಬೇರಿನಂತೆ ಹಬ್ಬುತ್ತದೆ, ಸಂತಾನಶಕ್ತಿ ಕಸಿಯುತ್ತದೆ, ಗಂಡನ್ನೂ ಹೆಣ್ಣಿನಂತೆ ನಡೆಸುತ್ತದೆ. ಮೊಟ್ಟೆಯನ್ನು ಕಾಯುವ ಸ್ವಭಾವ ಏಡಿಗಳಲ್ಲಿ ಮೊದಲೇ ಇತ್ತು. ಮೊಟ್ಟೆಯ ಜಾಗದಲ್ಲೇ ಬೆಳೆದ ಪರಾವಲಂಬಿಗಳಿಗೆ ಆರೈಕೆ ಸಿಕ್ಕಿತು, ಅವುಗಳ ಸಂತತಿ ಉಳಿಯಿತು. ಹೀಗೆ ತಲೆಮಾರುಗಳು ಕಳೆದು ಈ ಮೋಸ ಪಳಗಿತು.

“ತನ್ನ ಮಕ್ಕಳಲ್ಲ ಅಂತ ಅದಕ್ಕೆ ಗೊತ್ತುಂಟಾ?” ಎಂದು ಕೇಳಿದಿರಿ.

“ಇಲ್ಲ. ತನ್ನ ಮೊಟ್ಟೆ ಅಂತಲೇ ಆ ಚೀಲವನ್ನು ಉಜ್ಜಿ ಶುಚಿ ಮಾಡ್ತದೆ, ಅದಕ್ಕೆ ನೀರು ಬೀಸ್ತದೆ.”

“ಹಾಗಾದ್ರೆ ನಾನು ಇಷ್ಟು ವರ್ಷ...”

ಆ ಮಾತನ್ನು ಪೂರ್ತಿ ಮಾಡಿದವಳು ನಾನು: “ಆ ಪರಾವಲಂಬಿಯನ್ನೇ ಸಾಕಿದ್ದು.”

ಮರುದಿನದಿಂದ ಬಕೆಟ್ ಸಿಂಕಿನಡಿಗೆ ಸರಿಯಿತು. ಕೊನೆಯವರೆಗೂ ನೀವು ಅದನ್ನು ಮುಟ್ಟಲಿಲ್ಲ.

ಅಂದು ನಾನು ನೋಡಿದ್ದು ಒಂದೇ ಏಡಿಯನ್ನು. ಮೊಟ್ಟೆಯಾದರೆ ಬೆರಳಿಗೆ ಕಾಳುಕಾಳಾಗಿ ಸಿಗುತ್ತದೆ, ಪರಾವಲಂಬಿಯ ಚೀಲ ನುಣ್ಣಗಿರುತ್ತದೆ. ಮುಟ್ಟಿದರೆ ಯಾರಿಗೂ ತಿಳಿಯುವಂಥದ್ದು. ಅಷ್ಟನ್ನು ನಿಮಗೆ ಏಕೆ ಕಲಿಸಲಿಲ್ಲ?

ನಿಮ್ಮ ವರ್ಷಾಂತಿಕ ಮುಗಿದ ಮೇಲೆ ನಾಲ್ಕು ಭಾನುವಾರ ಬಂದರಿಗೆ ಹೋದೆ. ಗಿರಿಜಕ್ಕ ಬಕೆಟ್ ನೋಡಿದರು, ಈ ಸಲ ಕೀಟಲೆ ಮಾಡಲಿಲ್ಲ. ಹೊಟ್ಟೆಯಡಿ ಏನಾದರೂ ಹೊತ್ತದ್ದನ್ನೆಲ್ಲ ಬದಿಗೆ ತೆಗೆದಿಟ್ಟರು. ಒಟ್ಟು ಹದಿನಾಲ್ಕು. ಪ್ರತಿಯೊಂದನ್ನೂ ಮುಟ್ಟಿ ನೋಡಿದೆ. ಒಂದು ನುಣ್ಣಗಿತ್ತು. ಉಳಿದ ಹದಿಮೂರನ್ನು ಅಳಿವೆಯಲ್ಲಿ ಬಿಟ್ಟು ಬಂದೆ.

ನಿಮ್ಮ ಬಕೆಟಿನಲ್ಲೂ ಹೆಚ್ಚಿನವು ತಾಯಂದಿರೇ ಇದ್ದಿರಬೇಕು, ಅಪ್ಪ. ಇದನ್ನು ಆ ಅಡುಗೆಮನೆಯಲ್ಲಿ, ಅವರೆಲ್ಲರ ಎದುರಿಗೇ ಹೇಳಬೇಕಿತ್ತು.

ನಿಮ್ಮ ಮಗಳು