ಒರೆಯೊಳಗಿನ ಅಕ್ಷತೆ

ಮುತ್ತಿನಕೊಪ್ಪ
೧೨-೩-೧೯೭೮

ಪ್ರೀತಿಯ ಮಂಜಪ್ಪನಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯ ಮಗಾ? ಪಠಾಣಕೋಟೆಯಲ್ಲಿ ಚಳಿ ಕಡಿಮೆಯಾಯಿತೆ? ಹಿಮ್ಮಡಿ ಒಡೆದಿದೆ ಎಂದು ಬರೆದಿದ್ದೆಯಲ್ಲ, ಕೊಬ್ಬರಿ ಎಣ್ಣೆ ಹಚ್ಚಿಕೋ. ಸೈನ್ಯದವರು ನಗುತ್ತಾರೆ ಎಂದು ನಾಚಬೇಡ. ನಾನು ಚೆನ್ನಾಗಿದ್ದೇನೆ. ಮಂಡಿ ಸೋತಿದೆ, ಬಾಯಿ ಮಾತ್ರ ಮೊದಲಿಗಿಂತ ಜೋರಾಗಿದೆ ಎಂದು ನಿನ್ನ ಚಿಕ್ಕಪ್ಪ ಹೇಳುತ್ತಾನೆ. ಅವನಿಗೆ ಹಾಗೆ ಅನ್ನಿಸಲು ಕಾರಣವಿದೆ, ಓದು.

ನಿನ್ನ ಮದುವೆ ಹತ್ತಿರ ಬಂತೆಂದು ಮನೆಯ ಬಾಕು ಹೊರತೆಗೆದೆವು. ದಿಬ್ಬಣ ಹೊರಡುವಾಗ ತುದಿಗೆ ನಿಂಬೆಹಣ್ಣು ಚುಚ್ಚಿ ಅದನ್ನು ಮದುಮಗನ ಕೈಗೆ ತಾಯಿಯೇ ಕೊಡುವುದು ನಮ್ಮ ಮನೆಯ ಪದ್ಧತಿ, ನಿನಗೇ ಗೊತ್ತು. ಚಿಕ್ಕಪ್ಪ ಒರೆಯಿಂದ ಎಳೆದರೆ ಅಲಗಿನ ಎರಡೂ ಮೈಗೆ ಗೀರೋ ಗೀರು! ನಿನ್ನ ಅಪ್ಪ ಇದ್ದಾಗ ಅದರಲ್ಲಿ ಮುಖ ಕಾಣುತ್ತಿತ್ತು. ನಿನ್ನ ಚಿಕ್ಕಮ್ಮ ಜಲಜ ಸೆರಗು ಬಾಯಿಗಿಟ್ಟುಕೊಂಡು, "ಅಕ್ಕನ ಪೆಟ್ಟಿಗೇಲಿ ಇಟ್ಟಿದ್ದಕ್ಕೇ ಹಿಂಗಾಗಿದ್ದು" ಅಂದಳು. ಅಕ್ಕ ಎಂದರೆ ನಾನು, ಕುಂಕುಮ ಅಳಿಸಿದವಳು. ಚಿಕ್ಕಪ್ಪ ನೆಲ ನೋಡುತ್ತ, "ಅತ್ತಿಗೆ, ಹುಡುಗನ ಒಳ್ಳೇದಕ್ಕೆ ಹೇಳ್ತಿದೀನಿ, ಬಾಕು ಜಲಜ ಕೊಡ್ಲಿ, ನೀವು ಅಷ್ಟೊತ್ತು ಒಳಗೆ ಕೂತ್ಕಳಿ" ಅಂದ. ಒಳಗೆ ಎಂದರೆ ಅಡುಗೆಮನೆ, ಬಾಗಿಲು ಮುಂದೆ ಮಾಡಿಕೊಂಡು. ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನ ಅಪ್ಪ ಹೋದ ಮೇಲೆ ಅದನ್ನು ಒರೆಯಿಂದ ತೆಗೆದವಳೇ ಅಲ್ಲ ನಾನು. ಪೆಟ್ಟಿಗೆ ನನ್ನದು, ಆದರೆ ಆಯುಧಪೂಜೆ ಮಾಡುವವಳು ಜಲಜ, ಊರಿನ ಮದುವೆಗಳಿಗೆಲ್ಲ ಎರವಲು ಕೊಡುವವನು ಚಿಕ್ಕಪ್ಪ.

ಮರುದಿನ ಬಾಕನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸಿಗೆ ನರಸಿಂಹರಾಜಪುರಕ್ಕೆ ಹೋದೆ. ಬೀಗ, ಕತ್ತಿ, ಕೊಡೆ ರಿಪೇರಿಯ ಅಬ್ದುಲ್ ಖಾದರ್ ಸಾಹೇಬರು ನೆನಪಿದ್ದಾರಲ್ಲ, ನಿನ್ನ ಚೂರಿಗೆ ಹಿಡಿ ಹಾಕಿಕೊಟ್ಟವರು? ಅವರು ಅಲಗನ್ನು ಬೆಳಕಿಗೆ ಹಿಡಿದು, "ಗೀರೆಲ್ಲ ಉದ್ದಕ್ಕೇ ಇದಾವಲ್ಲಮ್ಮ. ಎಳೆಯೋವಾಗ, ತುರುಕೋವಾಗ ಆಗಿದ್ದು. ಒರೆಯೊಳಗೆ ಎಂತದೋ ಕೂತಿದೆ, ಕೊಡವಿ ನೋಡಿ" ಅಂದರು. ಅಲ್ಲೇ ಒಂದು ಕಾಗದ ಹಾಸಿ ಒರೆಯನ್ನು ತಲೆಕೆಳಗು ಮಾಡಿ ಕುಟ್ಟಿದೆ. ಏನು ಬಿತ್ತು ಹೇಳು? ಅಕ್ಷತೆ! ಅದರ ಹಿಂದೆ ಎಣ್ಣೆಯಲ್ಲಿ ಗಟ್ಟಿಯಾದ ಕುಂಕುಮ, ಕುಂಕುಮಕ್ಕೆ ಅಂಟಿದ ಮರಳು. ವರ್ಷಾ ವರ್ಷಾ ಜಲಜ ಅಲಗಿಗೆ ಎಣ್ಣೆ ಬಳಿದು, ಕುಂಕುಮವಿಟ್ಟು, ಅಕ್ಷತೆ ಹಾಕಿ, ಒರೆಸದೆಯೇ ಭಕ್ತಿಯಿಂದ ಒಳಗೆ ತುರುಕಿದ್ದಾಳೆ. ಊರಿನ ಮದುಮಕ್ಕಳು ಚಪ್ಪರದ ಮರಳಿನ ಸಮೇತ ಹಿಂದಿರುಗಿಸಿದ್ದಾರೆ. ಗೀರಿದ್ದು ಮರಳು, ಅದನ್ನು ಹಿಡಿದಿಟ್ಟುಕೊಂಡಿದ್ದು ಪೂಜೆಯ ಜಿಡ್ಡು. ನಾನು ಅಂಗಡಿಯಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ.

ಸಾಹೇಬರು ತಾವೇ ತಿಕ್ಕಿಕೊಡುತ್ತೇನೆ ಅಂದರು. ನಾನು ಬೇಡ ಅಂದೆ. ತೀರಾ ನಯವಾದ ಉಪ್ಪುಕಾಗದ ತಂದು, ಹೋಗುವವರು ಬರುವವರೆಲ್ಲ ನೋಡಲಿ ಎಂದು ಜಗಲಿಯಲ್ಲೇ ಕೂತು, ಅಲಗನ್ನು ಹಲಗೆಯ ಮೇಲೆ ಮಲಗಿಸಿ, ಎಣ್ಣೆ ಬಿಟ್ಟು, ಉದ್ದಕ್ಕೆ ಉಜ್ಜಿದೆ. ಅಡ್ಡಡ್ಡ ಉಜ್ಜಿದರೆ ಹೊಸ ಗೀರು ಬೀಳುತ್ತದಂತೆ. ಚಿಕ್ಕಪ್ಪ ಅವತ್ತೆಲ್ಲ ಹಿತ್ತಲ ಬಾಗಿಲಿನಲ್ಲೇ ಓಡಾಡಿದ, ಪಾಪ. ಒಂದು ಆಳದ ಗೀರು ಹೋಗಲಿಲ್ಲ, ಇರಲಿ. ಕಡ್ಡಿಗೆ ಬಟ್ಟೆ ಸುತ್ತಿ ಒರೆಯ ಒಳಗನ್ನೂ ಒರೆಸಿ ಒಣಗಿಸಿದ್ದೇನೆ. ಇನ್ನು ಮೇಲೆ ಪೆಟ್ಟಿಗೆಯಲ್ಲಿ ಒರೆ ಬೇರೆ, ಒಣ ಬಟ್ಟೆ ಸುತ್ತಿದ ಬಾಕು ಬೇರೆ.

ಒರೆಯಿಂದ ಬಿದ್ದದ್ದನ್ನೆಲ್ಲ ಪೊಟ್ಟಣ ಕಟ್ಟಿ ತಂದಿದ್ದೆ. ಅದನ್ನು ತಟ್ಟೆಗೆ ಸುರಿದು ಜಲಜಳ ಮುಂದಿಟ್ಟು, "ನೋಡು ಮಾರಾಯ್ತಿ, ನನ್ನ ಪೆಟ್ಟಿಗೆ ದೋಷ" ಅಂದೆ. ಅವಳು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಆದರೆ ಚಿಕ್ಕಪ್ಪ ಊಟಕ್ಕೆ ಕೂತಾಗ, "ಗೀರಿನ ಮಾತು ಬೇರೆ ಅತ್ತಿಗೆ, ಶಾಸ್ತ್ರದ ಮಾತು ಬೇರೆ" ಅಂದ. ಅಂದರೆ ಗೀರು ಒಂದು ನೆಪ. ನಾನು ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿ ಸುಮ್ಮನಾದೆ. ಸೋತು ಸುಮ್ಮನಾದೆ ಎಂದು ಅವನು ತಿಳಿದಿದ್ದಾನೆ.

ರಜೆ ಸಿಕ್ಕ ಕೂಡಲೇ ಹೊರಡು. ರೈಲಿನಲ್ಲಿ ಸಾಮಾನು ಜೋಪಾನ. ನಿನ್ನ ಜೊತೆಯ ಹುಡುಗರಿಗೆಲ್ಲ ಈ ಅಮ್ಮ ಕೇಳಿದಳೆಂದು ಹೇಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಗಿರಿಯಮ್ಮ

ವಿ.ಸೂ.: ಟಪಾಲಿನವನು ಅಂಗಳದಲ್ಲಿ ಕಾಯುತ್ತಿದ್ದಾನೆ. ದಿಬ್ಬಣದ ದಿನ ಬಾಕು ಹಿಡಿದುಕೊಂಡು ನಾನು ತಲೆಬಾಗಿಲಲ್ಲೇ ನಿಂತಿರುತ್ತೇನೆ, ಯಾರು ಏನೇ ಅನ್ನಲಿ. ಜಲಜಳ ಕೈಯಿಂದ ತೆಗೆದುಕೊಳ್ಳುವ ಮನಸ್ಸು ನಿನಗಿದ್ದರೆ ಈಗಲೇ ಬರೆದುಬಿಡು, ಅವತ್ತು ನಾನು ಅಡುಗೆಮನೆಯಲ್ಲಲ್ಲ, ಈ ಮನೆಯಲ್ಲೇ ಇರುವುದಿಲ್ಲ. ನನ್ನ ಕೈಯಿಂದಲೇ ಆದರೆ ಏನೂ ಬರೆಯಬೇಡ. ಬಂದು ಕೈ ಚಾಚು.