ಕರಿಮೂತಿಯ ದೀಪ

೩ ಮಾರ್ಚ್ ೧೮೫೯, ಪೋರ್ಟ್ ಹ್ಯಾರಲ್

ಮತ್ತೆ ವಸಾಹತಿನ ಶಾಸನಸಭೆ. ಕುರಿಕಜ್ಜಿಯ ಮೇಲೆ ನಾಲ್ಕು ಗಂಟೆ ಚರ್ಚೆ. ಮೂವತ್ತು ವರ್ಷ ನೌಕಾಪಡೆಯಲ್ಲಿದ್ದೆ. ಒಂದೇ ಸೂರಿನಡಿ ಇಷ್ಟು ಸೋಮಾರಿಗಳನ್ನು ಕಂಡಿರಲಿಲ್ಲ. ಬಂದರಿನ ಬಾಯಲ್ಲಿ ಕಡಲಿಗೆ ಚಾಚಿದ ಕರಿಮೂತಿ ಬಂಡೆಗೆ ದೀಪಸ್ತಂಭ ಬೇಕು ಎಂದೆ. ಮುಖ್ಯಮಂತ್ರಿ ಸ್ಕ್ರೂಟನ್ — ಐವತ್ತು ಸಾವಿರ ಕುರಿಗಳ ಒಡೆಯ, ಬುದ್ಧಿಯೂ ಅವುಗಳಿಂದಲೇ ಕಡ ತಂದದ್ದು — ಆಕಳಿಸಿದ. "ಕ್ಯಾಪ್ಟನ್ ಪೆನ್‌ಹೇಲ್, ನನ್ನ ಕುರಿ ಸಮುದ್ರಕ್ಕೆ ಹೋಗಲ್ಲ ಕಣ್ರೀ." ಸಭೆಯೆಲ್ಲ ನಗು.

೯ ಮಾರ್ಚ್

ಸ್ಕ್ರೂಟನ್ ಮನೆಯಲ್ಲಿ ಊಟ. ಕುರಿಮಾಂಸವೇ, ಮತ್ತೇನು. "ದೀಪದ ಮಾತು ಈ ವರ್ಷ ಬಿಡಿ. ನಮ್ಮ ಕುರಿ ಸೀಮೆಯ ರಸ್ತೆಗೆ ಸಭೆಯಲ್ಲಿ ಕೈ ಎತ್ತಿ. ಬಂದರು ಮಂತ್ರಿ ನೀವೇ." ಅಸಹ್ಯವಾಯಿತು. ಒಪ್ಪಿದೆ. ಮಂತ್ರಿಯಾದರೆ ಮುಂದಿನ ವರ್ಷ ನಾನೇ ಕಟ್ಟಿಸಬಹುದಲ್ಲ...

೧೧ ಮಾರ್ಚ್

ಬೆಳಿಗ್ಗೆ ಟಡ್ಡಿ ಬಂದ. ನನ್ನ ಹಡಗಿನ ಹಳೆಯ ನಾವಿಕ. ಈಗ ಇಲ್ಲಿಯ ಪೈಲಟ್, ಹಡಗುಗಳಿಗೆ ಎದುರು ಹೋಗಿ ಬಂದರಿಗೆ ದಾರಿ ತೋರುವವನು. ಟೋಪಿ ತೆಗೆಯಲಿಲ್ಲ.

"ನಿನ್ನೆ ಸಭೇಲಿ ದೀಪ ಬಿಟ್ಟು ರಸ್ತೆಗೆ ಕೈ ಎತ್ತಿದ್ರಂತೆ?"

"ರಾಜಕೀಯ ನಿಂಗೆ ಅರ್ಥ ಆಗಲ್ಲ ಟಡ್ಡಿ."

"ಆಗತ್ತೆ ಸಾಹೇಬ್ರೇ. ಕುರಿ ಜೊತೆ ಸೇರಿದೋರು ಬ್ಯಾ ಅಂತಾರೆ."

ಹೊರಗಟ್ಟಿದೆ. ಉದ್ಧಟ.

೨೭ ಜೂನ್

ಮೂರು ತಿಂಗಳು ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ — ಮಂತ್ರಿಗಿರಿಯ ಔತಣ, ಭಾಷಣ. ನಿನ್ನೆ ಮುಸ್ಸಂಜೆ ಬಿರುಗಾಳಿ. ವಲಸೆಗಾರರ ಹಡಗೊಂದು ಕರಿಮೂತಿಗೆ ಬಡಿದು ಒಡೆಯಿತು. ಟಡ್ಡಿ ದೋಣಿ ಇಳಿಸಿದ. ಎರಡು ಸಲ ಹೋಗಿ ಹದಿನಾಲ್ಕು ಜನರನ್ನು ತಂದ. ಮೂರನೆಯ ಸಲ ಮರಳಲಿಲ್ಲ.

೫ ಜುಲೈ

ತನಿಖೆಗೆ ನಾನೇ ಅಧ್ಯಕ್ಷ. ಸ್ಕ್ರೂಟನ್ ವರದಿ ಬರೆಸಿಕೊಂಡೇ ಬಂದ: ಪೈಲಟ್ ಕುಡಿದು ಮಲಗಿದ್ದ, ಹಡಗಿಗೆ ಎದುರು ಹೋಗಲಿಲ್ಲ.

"ಅವನು ಒಂದು ಹನಿ ಮುಟ್ತಿರ್ಲಿಲ್ಲ. ಹದಿನಾಲ್ಕು ಜನ ಕಣ್ಣಾರೆ ಕಂಡಿದಾರೆ."

"ಹೊಸಬ್ರು. ಅವ್ರಿಗೆ ಓಟಿಲ್ಲ. ಸಹಿ ಹಾಕ್ರಿ."

ಎಂಥ ಹೇಸಿಗೆ ಮನುಷ್ಯ. ಮತ್ತೆ, ಲೇಖನಿ ಕೈಗೆತ್ತಿಕೊಂಡ ನಾನು?

೬ ಜುಲೈ

ಸಹಿ ಹಾಕಲಿಲ್ಲ. ಸಭೆಯಲ್ಲಿ ಎದ್ದು ಹೇಳಿದೆ — ಹುದ್ದೆಗಾಗಿ ದೀಪ ಮಾರಿದವನು ನಾನು, ಕೊಂಡವನು ಸ್ಕ್ರೂಟನ್. "ಕೂತ್ಕೊಳ್ರೀ!" ಎಂದು ಅರಚಿದರು. ಕೂರಲಿಲ್ಲ. ರಾಜೀನಾಮೆ ಮೇಜಿನ ಮೇಲಿಟ್ಟು ಬಂದೆ. ವರದಿಗೆ ಬೇರೊಬ್ಬ ಸಹಿ ಹಾಕಿದನಂತೆ. ನನ್ನ ಕುರ್ಚಿ ಈಗ ಅವನಿಗೆ. ಥೂ.

೯ ಜುಲೈ, ಕರಿಮೂತಿ

ಟಡ್ಡಿಯ ಹೆಂಡತಿ ಕೆಜಾಯಾ ಬಂಡೆಯ ನೆತ್ತಿಯಲ್ಲಿ ಕಂಬ ನೆಟ್ಟು ಲಾಟೀನು ಕಟ್ಟುತ್ತಿದ್ದಾಳೆಂದು ಕೇಳಿ ಹೋದೆ. ಕ್ಷಮೆಯ ಮಾತು ಜೋಡಿಸಿಕೊಂಡಿದ್ದೆ. ಅವಳು ತಿರುಗಿಯೂ ನೋಡಲಿಲ್ಲ.

"ಭಾಷಣ ಆಮೇಲೆ. ಮೊದ್ಲು ಏಣಿ ಹಿಡ್ಕೊಳ್ಳಿ."

ಹಿಡಿದುಕೊಂಡೆ. ಕಂಬ ಅಲ್ಲಾಡುತ್ತದೆ, ಈ ಗಾಳಿಗೆ ನಿಲ್ಲದು. ನಾಳೆ ಹಡಗಿನ ಹಗ್ಗ ತಂದು ನಾಲ್ಕೂ ಕಡೆ ಬಿಗಿಯಬೇಕು. ಅಲ್ಲಿಯವರೆಗೆ ಒಬ್ಬರು ಇಲ್ಲೇ ಕಂಬ ಹಿಡಿದು ನಿಲ್ಲಬೇಕು; ನಾನೇ — ಕರೆಯುತ್ತಿದ್ದಾಳೆ, ಕಂಬ ವಾಲುತ್ತಿದೆ. ಹೋಗುತ್ತೇನೆ.