ಬಿಚ್ಚದ ಮಡಿಕೆ

ಅಮ್ಮಾ,

ಹೈಸ್ಕೂಲಿನ ಕೊನೇ ಪರೀಕ್ಷೆ ಮುಗೀತು. ಚೆನ್ನಾಗೇ ಬರೆದಿದ್ದೀನಿ. ಆಮೇಲೆ ಬರೀ ನಿದ್ದೆ. ಬೈದೂ ಬೈದೂ ಅತ್ತೆಗೇ ಸಾಕಾಯ್ತು.

ಕಾಲೇಜಿಗೆ ಅಂತ ನೀನು ಹೊಲಿದು ಕಳಿಸಿದ ಲಂಗ ಸಿಕ್ತು. ಬೆಳೆಯೋ ಹುಡುಗಿ ಅಂತ ಈ ಸಲವೂ ಅಂಚಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಸಿದ್ದೀಯ. ಹೋದ ವರ್ಷದ ಲಂಗದ ಮಡಿಕೆಯನ್ನೇ ನಾನಿನ್ನೂ ಬಿಚ್ಚಿಲ್ಲ. ನಾನು ಬೆಳೆಯೋದು ನಿಂತು ಎರಡು ವರ್ಷ ಆಯ್ತಮ್ಮ. ಫೋನಲ್ಲಿ ಮುಖ ಅಷ್ಟೇ ಕಾಣೋದು, ನಿನಗೆ ಹೇಗೆ ಗೊತ್ತಾಗಬೇಕು ಬಿಡು.

ಮುಂದೇನು ಅಂತ ಕೇಳಿದ್ದೆಯಲ್ಲ, ನಿನ್ನ ಗಾರ್ಮೆಂಟ್ಸ್ ಹತ್ತಿರವೇ ಯಾವುದಾದರೂ ಕಾಲೇಜು ನೋಡು. ನಿನ್ನ ರೂಮು ಇಕ್ಕಟ್ಟು ಅಂತ ಮತ್ತೆ ರಾಗ ತೆಗೀಬೇಡ. ಹೆಚ್ಚು ಜಾಗ ಬೇಡ, ನಾನಿನ್ನು ಬೆಳೆಯಲ್ಲ.

ನಿನ್ನ ಕುಳ್ಳಿ